ನೆರವು ಎನ್ನದ ಬಾಯಿ

ಆ ದೊಡ್ಡ ಅಂಗಡಿಯಲ್ಲಿ ಬಿಲ್ ಮಾಡುವವರು ಗಟ್ಟಿಯಾಗಿ ಕೂಗಲೇಬೇಕಾದ ಮಾತೊಂದಿತ್ತು: ‘ನೆರವು.’ ದುಡಿದರೂ ಸಂಬಳ ಸಾಲದ ಮನೆಗಳಿಗೆ ಸರ್ಕಾರ ಒಂದು ಕಾರ್ಡು ಕೊಟ್ಟಿತ್ತು. ಯಾರಾದರೂ ಅದನ್ನು ಚಾಚಿದರೆ ಯಂತ್ರ ಅಲ್ಲಿಗೇ ನಿಂತುಬಿಡುತ್ತಿತ್ತು. ಕೌಂಟರಿನವರು ‘ನೆರವು’ ಎಂದು ಕೂಗಬೇಕು, ಸೂಪರ್‌ವೈಸರ್ ಬಂದು ಸಾಮಾನು ನೋಡಿ ಕೀ ತಿರುಗಿಸಬೇಕು. ಆ ಕೂಗಿಗೆ ಇಡೀ ಸಾಲು ತಿರುಗಿ ನೋಡುತ್ತಿತ್ತು. ಕಾರ್ಡು ಕೊಟ್ಟವರು ಏನನ್ನೋ ಹುಡುಕುವವರಂತೆ ಚೀಲದೊಳಗೆ ತಲೆ ತಗ್ಗಿಸುತ್ತಿದ್ದರು.

ಒಂದೇ ಮನೆಯ ಅತ್ತಿಗೆ, ನಾದಿನಿ ಇಬ್ಬರೂ ಅಲ್ಲಿ ಬಿಲ್ ಮಾಡುತ್ತಿದ್ದರು. ಎರಡನೇ ಕೌಂಟರಿನಲ್ಲಿದ್ದ ನಾದಿನಿ ತಪ್ಪದೆ ಕೂಗುತ್ತಿದ್ದಳು. ಹೊಸಬಳು, ಕೆಲಸ ಹೋದೀತೆಂಬ ಭಯ. ಪಕ್ಕದ ಒಂದನೇ ಕೌಂಟರಿನಲ್ಲಿದ್ದ ಅವಳ ಅತ್ತಿಗೆ ಕೂಗಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅತ್ತಿಗೆ ಮೆಲ್ಲಗೆ ‘ಸರ್, ಕೀ’ ಎನ್ನುತ್ತಿದ್ದಳು, ಅಷ್ಟೆ. ತಪ್ಪು ಬಿಲ್ ಅಳಿಸಲಿಕ್ಕೂ ಕೀ ಬೇಕು, ದೊಡ್ಡ ಬಿಲ್ಲಿಗೂ ಕೀ ಬೇಕು. ಯಾತಕ್ಕೆ ಕರೆದಳೆಂದು ಹಿಂದೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ಕೀ ಬರುವಷ್ಟರಲ್ಲಿ ಅವಳು ಹಾಲಿನ ಪುಡಿಯನ್ನು ಚೀಲಕ್ಕಿಳಿಸಿ, ಮಗುವಿಗೆ ಹಲ್ಲು ಬಂತಾ ಎಂದು ವಿಚಾರಿಸಿಯೂ ಆಗಿರುತ್ತಿತ್ತು.

ಸೂಪರ್‌ವೈಸರಿಗೆ ಹುಡುಗಿಯರಿಟ್ಟ ಹೆಸರು ಕೀಗೊಂಚಲು. ಅವನಿಗಿಂತ ಮೊದಲು ಅವನ ಸೊಂಟದ ಸದ್ದು ಬರುತ್ತಿತ್ತು. ನೌಕರರಿಗೆ ರಿಯಾಯಿತಿ ಇದ್ದರೂ ಅವನು ಇಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಕೊಂಡವನಲ್ಲ. ಬೀದಿಯ ಕೊನೆಯ ಸಣ್ಣ ಅಂಗಡಿಗೆ ಹೋಗುತ್ತಿದ್ದ. ಜಂಬ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಒಂದು ದಿನ ಅವನು ಅತ್ತಿಗೆಯ ಮುಂದೆ ನಿಂತ. ‘ಏನಮ್ಮಾ, ನಿಮ್ಮ ಬಾಯಿಗೆ ಆ ಮಾತು ಬರಲ್ವಾ?’

‘ಬರುತ್ತೆ ಸರ್. ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ.’

‘ತಮಾಷೆ ಬೇಡ. ಮುಂದಿನ ವಾರ ಮಾಲೀಕರು ಬರ್ತಾರೆ, ಅಧಿಕಾರಿಗಳೂ ಬರ್ತಾರೆ. ನಿಯಮದ ಪ್ರಕಾರ ಕೂಗಿ, ನಿಮ್ಮ ಪೂರ್ತಿ ದಿನದ ಕೆಲಸಕ್ಕೆ ನಾನೇ ಸಹಿ ಹಾಕಿಸ್ತೀನಿ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ.’

ನಾದಿನಿ ಬಿಲ್ ಮಾಡುವುದನ್ನು ಬಿಟ್ಟು ಇತ್ತ ತಿರುಗಿದಳು. ಅತ್ತಿಗೆ ಅರ್ಧ ದಿನದ ಕೆಲಸದಲ್ಲೇ ವರ್ಷಗಟ್ಟಲೆ ಉಳಿದಿದ್ದಳು. ಪೂರ್ತಿ ದಿನದ ಕೆಲಸ ಸಿಕ್ಕರೆ ಅವರ ಮನೆಯ ಕಾರ್ಡನ್ನು ಸರ್ಕಾರಕ್ಕೆ ಹಿಂದಿರುಗಿಸಬಹುದಿತ್ತು. ಹೌದು, ಅವರ ಮನೆಯಲ್ಲೂ ಅದೇ ಕಾರ್ಡಿತ್ತು. ಅದನ್ನು ಕೊಟ್ಟು ಕೈ ತೊಳೆದುಕೊಂಡು ಬರುವುದೊಂದೇ ಅತ್ತಿಗೆಯ ಆಸೆ.

ಆ ರಾತ್ರಿ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಅತ್ತಿಗೆಯ ಹತ್ತಿರ ನಾದಿನಿ ಕೇಳಿಯೇಬಿಟ್ಟಳು. ‘ಒಂದೇ ಒಂದು ದಿನ ಕೂಗಿದ್ರೆ ನಿಮ್ಮ ಗಂಟೇನು ಹೋಗುತ್ತೆ ಅತ್ತಿಗೆ?’

‘ನಂದೇನೂ ಹೋಗಲ್ಲ ಕಣೇ. ಎದುರಿಗೆ ನಿಂತಿರೋರ್ದು ಹೋಗುತ್ತೆ.’ ಆಮೇಲೆ ನಕ್ಕಳು. ‘ನೋಡು, ಸರ್ಕಾರ ನಮಗೆ ಕೊಡುತ್ತೆ, ನಾವು ತಂದು ಮಾಲೀಕರ ಗಲ್ಲಾಕ್ಕೆ ಹಾಕ್ತೀವಿ, ಅವರು ಅದರಲ್ಲೇ ಚೂರು ಮುರಿದು ಸಂಬಳ ಅಂತಾರೆ. ಇಷ್ಟರಲ್ಲಿ ಯಾರು ಯಾರಿಗೆ ನೆರವು ಅಂತ ಕೂಗ್ಲಿ?’

‘ಕೂಗೋದು ಆಮೇಲೆ, ಹಿಟ್ಟು ಒಣಗ್ತಿದೆ’ ಎಂದು ನಾದಿನಿಯ ಅಮ್ಮ ಒಳಗಿನಿಂದಲೇ ಗದರಿದಳು.

ಆ ದಿನ ಬಂತು. ಅಂಗಡಿ ಕಟ್ಟಲು ಸರ್ಕಾರ ಜಾಗವನ್ನು ಪುಕ್ಕಟೆ ಕೊಟ್ಟಿತ್ತು, ತೆರಿಗೆಯನ್ನೂ ಬಿಟ್ಟಿತ್ತು. ಆ ವಿನಾಯಿತಿಯನ್ನು ಇನ್ನಷ್ಟು ವರ್ಷ ಮುಂದುವರಿಸುವ ಆದೇಶವನ್ನು ಮಾಲೀಕರ ಕೈಗೆ ಕೊಡುವ ಸಮಾರಂಭ, ಕೌಂಟರುಗಳ ಎದುರಿಗೇ. ಎಲ್ಲರೂ ಕುರ್ಚಿಯಲ್ಲಿ ಕೂತಿರುವಾಗಲೇ ಒಬ್ಬ ಮುದುಕಿ ಅತ್ತಿಗೆಯ ಮುಂದೆ ಕಾರ್ಡು ಚಾಚಿದಳು. ಯಂತ್ರ ನಿಂತಿತು.

‘ಸರ್, ಕೀ’ ಎಂದಳು ಅತ್ತಿಗೆ.

ಕೀಗೊಂಚಲು ಬಂದ. ಅವಳ ಮುಖ ನೋಡಿದ, ಮಾಲೀಕರ ಮುಖ ನೋಡಿದ. ಕೀ ತಿರುಗಿಸಿ ಹೋದ. ಅವಳ ಪೂರ್ತಿ ದಿನದ ಆದೇಶ ಅಲ್ಲಿಗೆ ಮುಗಿಯಿತೆಂದು ನಾದಿನಿಗೆ ಅವನ ಬೆನ್ನು ನೋಡಿಯೇ ತಿಳಿಯಿತು.

ಅಧಿಕಾರಿ ಎದ್ದು ವಿನಾಯಿತಿಯ ಕಡತ ಚಾಚಿದರು. ಮಾಲೀಕರು ಎರಡೂ ಕೈ ಒಡ್ಡಿದರು. ಫೋಟೊಗಾಗಿ ಇಬ್ಬರೂ ಹಾಗೇ ನಿಂತರು. ಒಂದು ಗಳಿಗೆ ಅಂಗಡಿಯಲ್ಲಿ ತಂಪುಪೆಟ್ಟಿಗೆಗಳ ಗುಂಯ್ ಬಿಟ್ಟರೆ ಬೇರೆ ಸದ್ದಿರಲಿಲ್ಲ.

‘ನೆರವು.’

ಒಂದನೇ ಕೌಂಟರಿನಿಂದ ಬಂದ ದನಿ ಸ್ಪಷ್ಟವಾಗಿತ್ತು. ಅದರಲ್ಲಿ ಸಿಟ್ಟಾಗಲಿ ಕೊಂಕಾಗಲಿ ಇರಲಿಲ್ಲ. ಎಷ್ಟೋ ವರ್ಷದ ರೂಢಿ, ಕೀಗೊಂಚಲಿನ ಕಾಲು ತಾನಾಗಿ ಓಡಿತು. ಕೈಯಲ್ಲಿ ಕೀ ಹಿಡಿದು ಕೌಂಟರಿನತ್ತ ಹೊರಟ ಅವನು ಅಧಿಕಾರಿ ಮತ್ತು ಮಾಲೀಕರ ನಡುವೆ ಹೋಗಿ ನಿಂತ ಮೇಲೇ ಅವನಿಗೆ ಎಚ್ಚರವಾದದ್ದು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ನಿಂತಿತು. ಇಡೀ ಸಾಲು ತಿರುಗಿ ಮಾಲೀಕರನ್ನು ನೋಡುತ್ತಿತ್ತು. ಅವರು ಕಡತ ಬಿಚ್ಚಿ, ಒಳಗೆ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿದರು.

‘ಯಾಕೆ ಹಾಗೆ ಮಾಡಿದ್ರಿ?’ ಬಸ್ಸಿನಲ್ಲಿ ನಾದಿನಿ ಕೇಳಿದಳು.

‘ನಿಯಮ ಕಣೇ. ಯಾರು ತಗೊಂಡ್ರೂ ಕೂಗಬೇಕು ಅಂತಲ್ವಾ?’ ಎಂದ ಅತ್ತಿಗೆ ಕಿಟಕಿಯ ಕಡೆ ತಿರುಗಿದಳು. ಕಳಕೊಂಡದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾದಿನಿ ಅವಳ ಚೀಲವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

ಪೂರ್ತಿ ದಿನದ ಆದೇಶ ಬರಲಿಲ್ಲ. ಚೆನ್ನಾಗಿ ಬಿಲ್ ಮಾಡುವವರು ಸಿಗುವುದು ಕಷ್ಟವೆಂದು ಅತ್ತಿಗೆಯನ್ನು ಅರ್ಧ ದಿನಕ್ಕೆ ಹಾಗೇ ಉಳಿಸಿಕೊಂಡರು. ದೊಡ್ಡ ಅಂಗಡಿಯ ಎದುರು ತಾಳಲಾರದೆ ಬೀದಿಯ ಕೊನೆಯ ಸಣ್ಣ ಅಂಗಡಿ ಬಾಗಿಲು ಹಾಕಿತು.

ಅದಾದ ಸ್ವಲ್ಪ ದಿನಕ್ಕೆ ಕೀಗೊಂಚಲು ಕೆಲಸ ಮುಗಿಸಿ ಅಕ್ಕಿ, ಎಣ್ಣೆ, ಸೋಪು ಹಿಡಿದು ಸಾಲಿನಲ್ಲಿ ನಿಂತ. ಅತ್ತಿಗೆಯ ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಅವಳ ಎದುರಿಗೆ ಹೋಗುವ ಮುಖವಿಲ್ಲದೆ ನಾದಿನಿಯ ಬಳಿಗೆ ಬಂದ. ಎಲ್ಲವನ್ನೂ ಇಟ್ಟು, ಕೊನೆಗೆ ಅಂಗೈಯಲ್ಲಿ ಮುಚ್ಚಿಕೊಂಡಿದ್ದ ಕಾರ್ಡನ್ನು ಚಾಚಿದ.

ಯಂತ್ರ ನಿಂತಿತು. ಹಿಂದೆ ಜನರಿದ್ದರು. ರೂಢಿಯಾದ ಮಾತು ನಾದಿನಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

‘ಸರ್,’ ಎಂದಳು ಮೆಲ್ಲಗೆ, ‘ಕೀ.’

ಅವನು ಸದ್ದಾಗದಂತೆ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ಬಗ್ಗಿ, ತಾನೇ ತಿರುಗಿಸಿದ.

ಪಕ್ಕದಲ್ಲಿ ಬಿಲ್ಲಿನ ಕಾಗದದ ಸುರುಳಿ ಬದಲಿಸುತ್ತಿದ್ದ ಅತ್ತಿಗೆ ತಲೆ ಎತ್ತದೆ ಕೇಳಿದಳು. ‘ಮಗಳ ಪರೀಕ್ಷೆ ಹೇಗಾಯ್ತು ಸರ್?’

ಅವನು ಕಾರ್ಡನ್ನು ಜೇಬಿಗಿಳಿಸಿ ಚೀಲ ಎತ್ತಿಕೊಂಡ.

‘ಪರವಾಗಿಲ್ಲಮ್ಮಾ,’ ಎಂದ. ‘ಗಣಿತ ಒಂದು ಸ್ವಲ್ಪ ಕಷ್ಟ ಇತ್ತಂತೆ.’