ಮೇಲಿನ ಖಾನೆಯ ತಟ್ಟೆಗಳು

ನಮ್ಮ ಲ್ಯಾಬಿಗೆ ಬರುವವರು ಸೆಂಟ್ ಹಾಕುವಂತಿಲ್ಲ, ಘಮಘಮಿಸುವ ಸೋಪು ಹಚ್ಚುವಂತಿಲ್ಲ. ಭ್ರೂಣಗಳಿಗೆ ವಾಸನೆ ಆಗಿಬರುವುದಿಲ್ಲ. ಹನ್ನೊಂದು ವರ್ಷದಿಂದ ನನ್ನ ಮೈಗೆ ಯಾವ ವಾಸನೆಯೂ ಇಲ್ಲ. "ನೀನು ಮನೆಗೆ ಬಂದಿದ್ದೇ ಗೊತ್ತಾಗಲ್ಲ" ಎಂದು ಗಂಡ ರೇಗಿಸುತ್ತಾನೆ. ಬಂದದ್ದು ನನಗೂ ಗೊತ್ತಾಗುವುದಿಲ್ಲ, ಅಷ್ಟು ದಣಿದಿರುತ್ತೇನೆ.

ಇಷ್ಟು ವರ್ಷ ನಾನು ಹಿಡಿದು ಕೂತದ್ದು ಒಂದೇ ಪ್ರಶ್ನೆ. ವಯಸ್ಸಾದ ಹೆಣ್ಣಿಲಿಯ ಅಂಡದಿಂದಾದ ಭ್ರೂಣ ಮೂರನೇ ದಿನಕ್ಕೇ ಏಕೆ ಬೆಳವಣಿಗೆ ನಿಲ್ಲಿಸುತ್ತದೆ? ಕಳೆದ ವರ್ಷ ಭ್ರೂಣ ಬೆಳೆಸಲು ಒಂದು ಹೊಸ ದ್ರಾವಣ ತಯಾರಿಸಿದೆ. ಅದರಲ್ಲಿಟ್ಟ ನೂರಕ್ಕೆ ಅರವತ್ತು ಭ್ರೂಣಗಳು ಐದನೇ ದಿನ ಮುಟ್ಟಿದವು. ಹಳೆಯ ದ್ರಾವಣದಲ್ಲಿ ಮೂವತ್ತೂ ಇಲ್ಲ. ಖುಷಿ ತಡೆಯಲಾರದೆ ತಂಗಿಗೆ ಫೋನ್ ಮಾಡಿದೆ.

ತಂಗಿಗೆ ನಲವತ್ತೆರಡು. ಮಗುವಿಗಾಗಿ ಮೂರು ಸಲ ಆಸ್ಪತ್ರೆಯಲ್ಲಿ ಅಂಡ ತೆಗೆಸಿಕೊಂಡು ಮೂರು ಸಲವೂ ಬರಿಗೈಯಲ್ಲಿ ಮರಳಿದ್ದಳು. ನಾಲ್ಕನೆಯದಕ್ಕೆ ದಿನ ಗೊತ್ತಾಗಿತ್ತು. "ಸ್ವಲ್ಪ ತಡಿ, ನನ್ನ ದ್ರಾವಣ ಆಸ್ಪತ್ರೆಗೆ ಬರ್ಲಿ" ಎಂದುಬಿಟ್ಟೆ. ಒಪ್ಪಿದ ಹೆಂಗಸರಲ್ಲಿ ಪರೀಕ್ಷಿಸುವ ಮಾತು ಅಲ್ಲಿ ಆಗಲೇ ನಡೆದಿತ್ತು. ಅವಳು ಎದುರಾಡದೆ ಕಾದಳು. ಎಂಟು ತಿಂಗಳು.

ಭ್ರೂಣದ ತಟ್ಟೆಗಳನ್ನು ಇನ್‌ಕ್ಯುಬೇಟರಿನ ಒಳಗಿಡುವುದು ನನ್ನದೇ ಕೆಲಸ, ಬೇರೆಯವರ ಕೈ ಮೇಲೆ ನನಗೆ ನಂಬಿಕೆಯಿಲ್ಲ. ಆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಹೊಸ ದ್ರಾವಣಕ್ಕೆ ಮೇಲಿನ ಖಾನೆ, ಹಳೆಯದಕ್ಕೆ ಕೆಳಗಿನದು. ಒಂದಕ್ಕೊಂದು ಬೆರೆಯಬಾರದೆಂದು ನಾನೇ ಮಾಡಿಕೊಂಡ ನಿಯಮ. ಕಳೆದ ತಿಂಗಳು ಜ್ವರ ಬಂದು ಮಲಗಿದಾಗ ಆ ಕೆಲಸ ತೂಕದಕ್ಕನ ಪಾಲಿಗೆ ಬಂತು. ಅವರು ನಿವೃತ್ತಿಯ ಹೊಸ್ತಿಲಲ್ಲಿರುವ ನಮ್ಮ ಟೆಕ್ನೀಷಿಯನ್. ಚಹಾಪುಡಿಯನ್ನೂ ತೂಗಿ ಹಾಕುತ್ತಾರೆಂದು ಆ ಹೆಸರು.

ವಾಪಸು ಬಂದು ಲೆಕ್ಕ ನೋಡಿದರೆ ಎಲ್ಲ ತಿರುಗುಮುರುಗು. ಹಳೆಯದು ಅರವತ್ತು, ಹೊಸದು ಮೂವತ್ತು.

"ತಟ್ಟೆ ಅದಲುಬದಲು ಮಾಡಿದ್ರಾ?" ರೇಗಿದೆ.

"ಗುರುತೆಲ್ಲ ಸರಿಯಾಗೇ ಇದೆ, ನೋಡ್ಕೊಳ್ಳಿ" ಎಂದರು ತೂಕದಕ್ಕ. "ಭುಜ ನೋವು, ಕೈ ಮೇಲೆತ್ತೋಕಾಗಲ್ಲ. ನಿಮ್ಮ ಹೊಸದು ಜೋಪಾನ ಅಂತ ಕೈಗೆ ಸಿಗೋ ಕೆಳಗಿನ ಖಾನೇಲಿಟ್ಟೆ. ಹಳೇದನ್ನ ಪಕ್ಕದ ರೂಮಿನವರ ಕೈಲಿ ಮೇಲೆ ಇಡಿಸ್ದೆ. ಎಲ್ಲಿಟ್ರೂ ಒಂದೇ ಅಲ್ವಾ?"

ಎರಡೂ ಖಾನೆಗಳಲ್ಲಿ ಥರ್ಮಾಮೀಟರ್ ಇಟ್ಟು ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಬಾಗಿಲು ತೆರೆದಾಗಲೆಲ್ಲ ಕೆಳಗಿನದು ತಣ್ಣಗಾಗುತ್ತಿತ್ತು, ಮೇಲಿನದು ಬೆಚ್ಚಗೇ ಇರುತ್ತಿತ್ತು. ಭ್ರೂಣ ಬೆಳೆಸಿದ್ದು ನನ್ನ ದ್ರಾವಣವಲ್ಲ, ಖಾನೆ. ಜಾಗ ಬದಲಿಸಿ ನೋಡಬೇಕೆಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ನಾಚಿಕೆಯಿಂದ ಕುಗ್ಗಿಹೋದೆ.

ಪರೀಕ್ಷೆ ಬೇಡವೆಂದು ಆಸ್ಪತ್ರೆಗೆ ಅಂದೇ ಬರೆದೆ. ತಂಗಿಯ ಮನೆಗೆ ಹೋಗಲು ಮಾತ್ರ ನಾಲ್ಕು ದಿನ ಬೇಕಾಯಿತು. ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ.

"ಎಂಟು ತಿಂಗಳು ಸುಮ್ಮನೆ ಕಾಯಿಸಿಬಿಟ್ಟೆ ಕಣೇ. ಈ ವಯಸ್ಸಲ್ಲಿ ಎಂಟು ತಿಂಗಳು ಅಂದ್ರೇನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಳು ತಡೆಯಲಾಗಲಿಲ್ಲ.

ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

"ಅಕ್ಕಾ, ಎಂಟು ತಿಂಗಳಿಂದ ನನಗ್ಯಾರೂ ಸೂಜಿ ಚುಚ್ಚಿಲ್ಲ. ಅತ್ತೆ ಕೇಳಿದ್ರೆ, ಅಕ್ಕನ ಔಷಧಿ ಬರ್ಬೇಕು ಅಂತೀನಿ. ಸುಮ್ಮನಾಗ್ತಾರೆ. ಇವರೂ ಅಷ್ಟೆ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ನಾನು ನಿನ್ನ ದ್ರಾವಣಕ್ಕೆ ಕಾದಿಲ್ಲ. ನನಗೆ ಸಾಕಾಗಿದೆ. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ."

ನಾನು ಅಲ್ಲೇ ಕುಕ್ಕರಿಸಿದೆ. ಯಾರನ್ನು ನೆನೆದು ಇಷ್ಟು ದುಡಿದೆನೋ, ಅವಳಿಗೆ ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ.

"ಕೆಲಸ ಪೂರ್ತಿ ನಿಂತುಹೋಯ್ತಾ?" ಕೇಳಿದಳು.

"ಇಲ್ಲ. ಖಾನೆ ಬದಲಾಯಿಸಿ ಮೊದಲಿಂದ ಮಾಡ್ಬೇಕು. ಎರಡು ವರ್ಷ ಹಿಡಿಯುತ್ತೆ."

"ಆಗ ನನಗೆ ನಲವತ್ನಾಲ್ಕು."

"ಹೂಂ."

ಅವಳು ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. "ಹಾಗಾದ್ರೆ ಮನೇಲಿ, ಅಕ್ಕನ ಕೆಲಸ ಇನ್ನೂ ನಡೀತಿದೆ ಅಂತ ಹೇಳ್ತೀನಿ. ಸುಳ್ಳೇನಲ್ವಲ್ಲ."

ನಾನು ತಲೆಯಾಡಿಸಿದೆ.

"ಅವಸರ ಮಾಡ್ಬೇಡ ಅಕ್ಕಾ" ಎಂದಳು. "ನಿಧಾನವಾಗೇ ಮಾಡು."