ಇನ್ನೊಂದು ಕೆನ್ನೆ

ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಕನ್ನಡಿಯಲ್ಲಿ ಗಂಡನ ಮುಖ. ಕಣ್ಣು ಮೂಗು ಬಿಟ್ಟರೆ ಉಳಿದದ್ದೆಲ್ಲ ನೊರೆ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಗೆ ಒರಗಿದ್ದ. ಅವನ ಹಿಂದೆ ನಿಂತ ಅವಳ ಅಣ್ಣ ರೇಜರಿಗೆ ಹೊಸ ಬ್ಲೇಡು ಸಿಕ್ಕಿಸುತ್ತಿದ್ದ.

"ಬಾ ಪುಟ್ಟಿ, ಬಾ. ನೂರು ವರ್ಷ ಆಯಸ್ಸು ನಿಂಗೆ. ಈಗಷ್ಟೇ ನಿನ್ನ ವಿಷಯ ಬಂತು."

ಅವಳು ಬಾಗಿಲಲ್ಲೇ ನಿಂತಳು. ಈ ಹೊತ್ತಿಗೆ ಗಂಡ ಊರಿನ ಆ ತುದಿಯಲ್ಲಿ ಯಾವುದೋ ಆಸ್ಪತ್ರೆಯ ಲಿಫ್ಟಿನ ತಲೆಯ ಮೇಲೆ ಕೂತು ಗ್ರೀಸು ಹಚ್ಚುತ್ತಿರಬೇಕಿತ್ತು. ಹಾಗಂತಲೇ ಅವಳು ಈ ದಿನ, ಈ ಹೊತ್ತು ಆರಿಸಿಕೊಂಡದ್ದು. ಅಂಗಡಿಯ ಹಿಂದಿನ ಕಪಾಟಿನಲ್ಲಿ ಟವೆಲುಗಳ ಅಡಿ ಬಚ್ಚಿಟ್ಟಿದ್ದ ಬ್ಯಾಗು ತೆಗೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತುವುದು, ಅಷ್ಟೇ ಉಳಿದಿದ್ದ ಕೆಲಸ. ಅವಳು ಕರ್ಟನ್ನು, ಸೋಫಾ ಕವರು ಹೊಲಿಯುವವಳು. ದುಡಿಯುವ ಅಂಗಡಿಯ ಮೇಡಂ ದೂರದ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದಿದ್ದರು. ಅಲ್ಲಿ ಕೆಲಸ, ಮೇಲೊಂದು ಕೋಣೆ, ಒಳಗಿನಿಂದ ಭದ್ರ ಮಾಡಿಕೊಳ್ಳಬಹುದಾದ ಚಿಲಕ. ಊರು ಯಾವುದೆಂದು ಅವಳು ಹೇಳಿದ್ದು ಒಬ್ಬನಿಗೆ ಮಾತ್ರ.

ಬ್ಯಾಗು ಈಗ ಕುರ್ಚಿಯ ಕೆಳಗಿತ್ತು. ಗಂಡನ ಬೂಟುಗಾಲು ಅದರ ಮೇಲೆ ಆರಾಮಾಗಿ ಕೂತಿತ್ತು.

"ಡ್ಯೂಟಿ ಇಲ್ವಾ?" ಅಂದಳು.

"ರಜೆ ಹಾಕ್ದೆ," ಅಂದ ಗಂಡ ಕನ್ನಡಿಗೆ. "ನೀನೇ ಊರು ಬಿಡ್ತಿರೋವಾಗ ನಾನು ಯಾವ ಸುಖಕ್ಕೆ ದುಡೀಲಿ, ಹೇಳು?"

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಲಾರಿ ಡ್ರೈವರು ನಕ್ಕ. ಪಕ್ಕದಲ್ಲಿ ಪೇಪರು ಹಿಡಿದಿದ್ದ ನಿವೃತ್ತ ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಎಲ್ಲ ಗೊತ್ತಿರುವವರ ನೋಟ ಅದು.

"ಅಣ್ಣ, ಎಲ್ಲಾ ಹೇಳಿದ್ಯಾ?"

"ಹೇಳ್ದೆ ಕಣೇ. ಗಾಯ ಮುಚ್ಚಿಟ್ರೆ ಕೀವಾಗುತ್ತೆ." ಅಣ್ಣ ರೇಜರಿನಿಂದಲೇ ಮೇಲೆ ತೋರಿಸಿದ. ಕನ್ನಡಿಯ ಮೇಲಂಚಿನಲ್ಲಿ ಹೊಸ ಪೋಸ್ಟರಿತ್ತು: ಕೈ ಇರುವುದು ಹಿಡಿಯಲು, ಹೊಡೆಯಲು ಅಲ್ಲ. "ತರಬೇತಿಲಿ ಅವರು ಹೇಳಿದ್ದು ಸುಳ್ಳಲ್ಲ. ಗಂಡಸಿನ ಮಾತು ಗಂಡಸಿಗೇ ನಾಟೋದು. ಭಾವನೋರು ಇದೇ ಕುರ್ಚೀಲಿ ಕೂತು ಗಳಗಳ ಅತ್ತುಬಿಟ್ರು ಗೊತ್ತಾ? ಇವರೇ ಸಾಕ್ಷಿ."

"ಅತ್ತಿದ್ದು ಹೌದಮ್ಮ," ಅಂದ ಡ್ರೈವರು. "ನಾನೇ ಕರ್ಚೀಫ್ ಕೊಟ್ಟೆ."

ಹೆಂಡತಿಯ ಮಾತಿಗೆ ಕಿವಿಗೊಡದ ಗಂಡಸು ಕುತ್ತಿಗೆಗೆ ಕತ್ತಿ ಹಿಡಿದವನ ಮಾತನ್ನು ಕೇಳಿಯೇ ಕೇಳುತ್ತಾನೆ ಅನ್ನುವುದು ಆ ಪೋಸ್ಟರು ಹಂಚಿದ ಸಂಸ್ಥೆಯವರ ಲೆಕ್ಕಾಚಾರ. ಊರಿನ ಸಲೂನಿನವರನ್ನೆಲ್ಲ ಕರೆಸಿ ತರಬೇತಿ ಕೊಟ್ಟಿದ್ದರು. ಅಣ್ಣ ಅಲ್ಲಿಂದ ಬೇರೆಯೇ ಮನುಷ್ಯನಾಗಿ ಬಂದಿದ್ದ. ಮನೆಯಲ್ಲಿ ತಟ್ಟೆ ತೊಳೆಯತೊಡಗಿದ. ಅದನ್ನು ಕಂಡೇ ಅವಳಿಗೆ ಧೈರ್ಯ ಬಂದದ್ದು. ಹೋದ ತಿಂಗಳು, ಅಂಗಡಿ ಖಾಲಿಯಿದ್ದಾಗ, ಅವನೆದುರು ಕೂದಲು ಎತ್ತಿ ಗಂಡನ ಏಟಿಗೆ ಒಡೆದ ಎಡಗಿವಿ ತೋರಿಸಿದ್ದಳು. ಅಣ್ಣ ಕೂದಲನ್ನು ತಾನೇ ಸರಿಮಾಡಿ ಕಿವಿ ಮುಚ್ಚಿದ. ಆಮೇಲೆ, "ಹೊರಟುಬಿಡು. ಯಾರಿಗೂ ಹೇಳ್ಬೇಡ. ನಾನಿದೀನಿ," ಅಂದಿದ್ದ.

"ಊರ ಹೆಸರೂ ಹೇಳಿದ್ಯಾ?"

ಅಣ್ಣ ಗಂಡನ ಬಲಗೆನ್ನೆಯ ಮೇಲೆ ರೇಜರು ಇಳಿಸಿದ. ನೊರೆಯಲ್ಲೊಂದು ಹಾದಿ ಬಿತ್ತು. "ಹೇಳ್ದಲೇ ಹೆಂಗೆ? ಮನುಷ್ಯಂಗೆ ತಾನು ಏನು ಕಳ್ಕೊತಿದೀನಿ ಅಂತ ಗೊತ್ತಾಗ್ಬೇಕಲ್ಲ."

"ಮೇಡಂ ಹತ್ರಾನೂ ನಾನೇ ಮಾತಾಡ್ದೆ," ಅಂದ ಗಂಡ. ಅವನ ದನಿ ಜೇನಿನಲ್ಲಿ ಅದ್ದಿದಂತಿತ್ತು. "ಒಳ್ಳೆ ಹೆಂಗಸು. ನನ್ನ ಹೆಂಡ್ತಿ ಬರಲ್ಲ, ಬೇರೆಯವರನ್ನ ನೋಡ್ಕೊಳಿ ಅಂದೆ. ಅವರಿಗೂ ಖುಷಿಯಾಯ್ತು, ಮನೆ ಒಂದಾಯ್ತಲ್ಲ ಅಂತ."

"ಮುಂದಿನ ಭಾನುವಾರ ನಮ್ಮ ಸಭೆ ಇದೆ ಪುಟ್ಟಿ," ಅಣ್ಣನ ಮುಖ ಅರಳಿತ್ತು. "ಒಬ್ಬೊಬ್ಬರೂ ಒಬ್ಬೊಬ್ಬ ಗಂಡಸನ್ನ ಬದಲಾಯಿಸಿದ ಕಥೆ ಹೇಳ್ಬೇಕು. ಉಳಿದವರದೆಲ್ಲ ಬರೀ ಬಾಯಿ ಮಾತು. ನಾನು ಭಾವನೋರನ್ನೇ ಕರ್ಕೊಂಡು ಹೋಗ್ತಿದೀನಿ! ಮೈಕ್ ಮುಂದೆ ನಿಂತು ಅವರೇ ಮಾತಾಡ್ತಾರಂತೆ."

"ನೀನೂ ಬಾ," ಅಂದ ಗಂಡ. "ಮುಂದಿನ ಸಾಲಲ್ಲೇ ಕೂತ್ಕೊ."

ಮೇಷ್ಟ್ರು ಪೇಪರು ಮಡಚಿದರು. "ನೋಡಮ್ಮ, ತಪ್ಪು ಒಪ್ಕೊಳೋಕೂ ಗುಂಡಿಗೆ ಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಹಿರಿಯರು ಸುಮ್ನೆ ಹೇಳಿಲ್ಲ."

"ನಮ್ಮನೇಲಿ ಶುರುವಾಗೋದೇ ಉಂಡ ಮೇಲೆ, ಮೇಷ್ಟ್ರೇ."

ಫ್ಯಾನು ಕಿರುಗುಟ್ಟುತ್ತಿತ್ತು. ಅಣ್ಣ ರೇಜರಿನ ನೊರೆಯನ್ನು ಪೇಪರಿನ ಚೂರಿಗೆ ಒರೆಸಿದ. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಯ ಚರ್ಮ ಬಿಗಿ ಮಾಡಲು ದವಡೆಯ ಮೇಲೆ ಹೆಬ್ಬೆರಳು ಊರಿದ.

"ನಾನು ಹೋಗ್ತಿದೀನಿ," ಅಂದಳು ಅವಳು. "ಮೇಡಂ ಕಾಲಿಗೆ ಬಿದ್ದಾದ್ರೂ ಕೆಲಸ ಕೇಳ್ತೀನಿ."

"ಹೋಗು ಹೋಗು," ಗಂಡ ನಕ್ಕ. "ನಿನ್ನ ತಡೆದೋರು ಯಾರು?"

ಕನ್ನಡಿಯಲ್ಲಿ ಎಲ್ಲರಿಗೂ ಆ ನಗುವೇ ಕಂಡಿತು. ಆದರೆ ಅಣ್ಣನ ಹೆಬ್ಬೆರಳು ನಿಂತುಬಿಟ್ಟಿತ್ತು. ಇಷ್ಟು ವರ್ಷ ಮುಖಗಳನ್ನು ಮುಟ್ಟಿಯೇ ಬದುಕಿದವನು ಅವನು. ಗಿರಾಕಿ ತೂಕಡಿಸುತ್ತಿದ್ದಾನೋ, ನೋವು ನುಂಗುತ್ತಿದ್ದಾನೋ ಎನ್ನುವುದು ಅವನ ಬೆರಳಿಗೆ ತಿಳಿಯುತ್ತಿತ್ತು. ನೊರೆಯ ಅಡಿಯಲ್ಲಿ ಹಲ್ಲು ಹಲ್ಲಿಗೆ ಕಚ್ಚಿಕೊಂಡು ದವಡೆ ಕಲ್ಲಾಗಿತ್ತು. ಮೇಲೆ ತುಟಿ ನಗುತ್ತಲೇ ಇತ್ತು. ಅಣ್ಣ ತಲೆಯೆತ್ತಿದ. ಕನ್ನಡಿಯೊಳಗೆ ಅಣ್ಣ ತಂಗಿಯರ ಕಣ್ಣು ಸೇರಿದವು. ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು.

ಬಸ್ ಸ್ಟ್ಯಾಂಡು ರಸ್ತೆಯ ಕೊನೆಯಲ್ಲೇ ಇತ್ತು. ಅರ್ಧ ನೊರೆ ಮೆತ್ತಿಕೊಂಡು, ಕೊರಳಿಗೆ ಬಟ್ಟೆ ಕಟ್ಟಿಕೊಂಡು ಯಾವ ಗಂಡಸೂ ಬೀದಿಗೆ ಓಡುವುದಿಲ್ಲ. ಅದೂ ಕೊರಳ ಹತ್ತಿರ ಬ್ಲೇಡು ಇರುವಾಗ.

"ಅಣ್ಣ, ಇನ್ನೊಂದು ಕೆನ್ನೆ ನಿಧಾನ ಮಾಡು," ಅಂದಳು. "ನಿನ್ನಿಂದ ಅಷ್ಟು ಸಾಕು."

ಡ್ರೈವರು ಗೊತ್ತಾಗದೆ ಹಲ್ಲು ಕಿರಿದ. ಅಣ್ಣ ಬೆಂಚಿನವರನ್ನು ನೋಡಿದ, ಪೋಸ್ಟರು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಹ್ಞೂಂ," ಅಂದ. ತಲೆಯನ್ನೂ ಆಡಿಸಿದ. ಬೂಟಿನ ಕೆಳಗಿನ ಬ್ಯಾಗನ್ನು ಬಿಟ್ಟು ಅವಳು ಹೊರಗೆ ಬಂದಳು.

ಓಡಲಿಲ್ಲ. ಓಡಿದರೆ ಜನ ನೋಡುತ್ತಾರೆ. ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ಬೀಗ ರಿಪೇರಿಯವನ ಗೂಡು ದಾಟಿದಳು. ಬಸ್ಸು ಸೀಟು ತುಂಬಲೆಂದು ಕಾಯುತ್ತ ಗುರುಗುಟ್ಟುತ್ತಿತ್ತು. ಬಸ್ ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಕೂತು, ಮೊದಲ ಸಲ ಉಸಿರು ಪೂರ್ತಿ ಬಿಟ್ಟಳು. ನಿಧಾನ ಮಾಡುತ್ತಿರುತ್ತಾನೆ ಅಂದುಕೊಂಡಳು. ಇನ್ನೊಮ್ಮೆ ಬ್ರಶ್ಶು ಅದ್ದಿ ನೊರೆ ಹಚ್ಚುತ್ತಿರುತ್ತಾನೆ. ಮೀಸೆಯ ತುದಿ ಸಮ ಇಲ್ಲ ಅನ್ನುತ್ತಿರುತ್ತಾನೆ. ಚಿಕ್ಕವಳಿದ್ದಾಗ ಅವಳ ಮುಂಗೂದಲು ಕತ್ತರಿಸುವಾಗಲೂ ಅಣ್ಣ ಹಾಗೇ, ತಿರುಗಿಸಿ ತಿರುಗಿಸಿ ನೋಡುವುದು ಮುಗಿಯುತ್ತಲೇ ಇರಲಿಲ್ಲ.

ಪಕ್ಕದ ಸೀಟು ಕುಸಿಯಿತು. ಬ್ಯಾಗು ಅವಳ ತೊಡೆಯ ಮೇಲೆ ಬಂತು.

"ಇದನ್ನ ಮರೆತು ಬಂದಿದ್ದೆ ನೀನು," ಅಂದ ಗಂಡ. ಎರಡೂ ಕೆನ್ನೆ ನುಣ್ಣಗಿದ್ದವು. ಎಲ್ಲೂ ಒಂದು ಗೀರಿಲ್ಲ, ಆತುರದ ಗುರುತಿಲ್ಲ. ಕತ್ತಿನ ಹಿಂದೆ ಪೌಡರು ಕೂಡ ಒಪ್ಪವಾಗಿ ಹಚ್ಚಿತ್ತು. ಅವನ ಜೇಬಿನಲ್ಲಿ ಫೋನು ರಿಂಗಾಯಿತು. ಅವನು ಬೇಕೆಂದೇ ಅವಳಿಗೂ ಕೇಳುವಂತೆ ಸ್ಪೀಕರು ಹಾಕಿದ.

"ಸಿಕ್ಕಿದ್ಲಾ ಭಾವನೋರೇ?"

"ಸಿಕ್ಕಿದ್ಲು ಭಾವ. ಪಕ್ಕದಲ್ಲೇ ಇದಾಳೆ. ಇಬ್ರೂ ಹೋಗಿ ಆ ಮೇಡಂಗೆ ಒಂದು ನಮಸ್ಕಾರ ಹೇಳಿ ಬರ್ತೀವಿ."

ಫೋನಿನಲ್ಲಿ ಅಣ್ಣನ ಉಸಿರು, ಫ್ಯಾನು ಕಿರುಗುಟ್ಟುವ ಸದ್ದು, ಎರಡೂ ಕೇಳಿಸಿದವು. ಆಮೇಲೆ ಅಂಗಡಿಯವರಿಗೆಲ್ಲ ಸಾರುವ ಹಾಗೆ ಅವನ ದನಿ ಏರಿತು: "ನೋಡಿದ್ರಾ ಮೇಷ್ಟ್ರೇ? ಜೋಡೀಲಿ ಹೋಗ್ತಿದಾರಂತೆ!" ಯಾರೋ ಚಪ್ಪಾಳೆ ತಟ್ಟಿದರು.

ಗಂಡ ಫೋನು ಜೇಬಿಗಿಟ್ಟು ಅವಳ ಮಣಿಕಟ್ಟು ಹಿಡಿದ. ಹೊರಗಿನಿಂದ ನೋಡಿದವರಿಗೆ ಅದು ಕೈ ಹಿಡಿದಂತೆಯೇ ಕಾಣುತ್ತಿತ್ತು.

ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಕಂಡಕ್ಟರು ಬಂದ. ಗಂಡ ಎರಡು ಬೆರಳು ತೋರಿಸಿದ.

"ಒಂದೇ," ಅಂದಳು ಅವಳು. ಕೊನೆಯ ಸೀಟಿನವರೆಗೂ ಕೇಳಿಸಿತು. "ನಾನು ಇವರ ಜೊತೆ ಬಂದಿಲ್ಲ. ಇವರನ್ನ ಇಳಿಸಿ."

ಹಿಂದಿನ ಸೀಟಿನವರು ಕತ್ತು ಚಾಚಿದರು. ಗಂಡ ಕಂಡಕ್ಟರನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಮನೆ ವಿಷಯ, ಸ್ವಾಮಿ. ನಿಮಗೂ ಗೊತ್ತಲ್ಲ."

ಕಂಡಕ್ಟರು ಅವಳ ಮುಖ ನೋಡಿದ. ಅವಳ ಮಣಿಕಟ್ಟಿನ ಸುತ್ತ ಬಿಳಿಚಿದ್ದ ಬೆರಳುಗಳನ್ನು ನೋಡಿದ. ಆಮೇಲೆ ತೆರೆದಿದ್ದ ಬಾಗಿಲ ಕಡೆ ನೋಡಿದ. ಸೀಟಿ ಅವನ ತುಟಿಗಳ ನಡುವೆಯೇ ಇತ್ತು, ಊದಿರಲಿಲ್ಲ. ಎಂಜಿನ್ನಿನ ನಡುಕಕ್ಕೆ ಕಿಟಕಿಯ ಗಾಜುಗಳೆಲ್ಲ ಗಲಗಲ ಅನ್ನುತ್ತಿದ್ದವು.