ಗೋಡೆಗೂಡಿನ ಚೊಂಬು

ಆ ಎರಡು ಅಲ್ಲಾಡುತ್ತಿಲ್ಲ, ನೂರ ನಲವತ್ತು ಪಾಯಿಂಟ್ ಎರಡು, ಆ ಕೊನೆಯ ಎರಡು, ಪರದೆಗೆ ಅಂಟಿ ಸತ್ತ ಸೊಳ್ಳೆಯ ಹಾಗೆ ಕೂತುಬಿಟ್ಟಿದೆ — ಕೂತಿರಲಿ ಬಿಡು, ಎಣ್ಣೆಯ ಒತ್ತಡ ಇಳಿದಿಲ್ಲ, ಬ್ರೇಕು ಹಿಡಿದಿದೆ ಅಂತ ತಾನೇ ಅರ್ಥ, ನೂರ ಇಪ್ಪತ್ತಕ್ಕಿಂತ ಕೆಳಗೆ ಬಂದರೆ ಗಾಬರಿಯಾಗೋಣ, ಹೊರಗೆ ಗಾಳಿ ಕಬ್ಬಿಣದ ಬಾಗಿಲನ್ನು ಬಡಿಯುತ್ತಿದೆ, ಬಡಿಯಲಿ, ಹಿರಿಯೂರಿನ ಈ ಗುಡ್ಡದ ಮೇಲೆ ಆಷಾಢದ ಗಾಳಿ ಬಡಿಯದೆ ಜೋಗುಳ ಹಾಡುತ್ತದೆಯೇ, ನಾನು ಗಾಳಿಯಂತ್ರದ ಕಂಬದ ಬುಡದೊಳಗೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೇನೆ, ಅಂಜನ್ ನನ್ನ ನೆತ್ತಿಯ ಮೇಲೆ, ನೂರೈವತ್ತು ಅಡಿ ಎತ್ತರದಲ್ಲಿರುವ ಪೆಟ್ಟಿಗೆಯೊಳಗೆ, ರೆಕ್ಕೆಗಳ ದಪ್ಪ ಅಚ್ಚಿನ ಪಕ್ಕ ಮಂಡಿಯೂರಿದ್ದಾನೆ, ರಿಪೇರಿಯವನು, ಬೆಳಿಗ್ಗೆ ಜೀಪಿನಲ್ಲಿ ದಾರಿಯುದ್ದಕ್ಕೂ ಕಡ್ಲೆಕಾಯಿ ಸುಲಿದು ನನ್ನ ಅಂಗೈಗೆ ಹಾಕುತ್ತಾ ಬಂದ, ತಿನ್ರಿ ಆಶಕ್ಕ, ಗಾಳಿ ಕುಡ್ಕಂಡು ಬದುಕಕ್ಕಾಗಲ್ಲ — ಅವನೇ ಈಗ ವಾಕಿಟಾಕಿಯಲ್ಲಿ ಕೇಳಿದ, ಆಶಕ್ಕ, ಅಚ್ಚಿಗೆ ಹಾಕೋ ಪಿನ್ನು ತೂತಿಗೆ ಹೋಗವಲ್ದು, ತುಕ್ಕು ಹಿಡ್ದೈತೆ, ಕೈ ಒಳಗಾಕಿ ಕೆರಿಬೇಕು, ಬ್ರೇಕ್ ಐತೇನ್ರಿ, ನಾನು ಪರದೆ ನೋಡಿದೆ, ಐತೆ ಅಂದೆ. ಅಷ್ಟೇ ಅಂದೆ.

ಅಚ್ಚು ತಿರುಗದಂತೆ ಬಿಗಿಯುವ ಆ ಪಿನ್ನು ಕೂರದೆ ಒಳಗೆ ಕೈ ಹಾಕಬಾರದು ಅಂತ ನಿಯಮ, ಆದರೆ ಪಿನ್ನು ಕೂರಬೇಕಾದರೆ ಕೈ ಹಾಕಲೇಬೇಕು, ಮದುವೆಯಾಗದೆ ಹುಚ್ಚು ಬಿಡದು ಹುಚ್ಚು ಬಿಡದೆ ಮದುವೆಯಾಗದು, ಅದಕ್ಕೇ ಬ್ರೇಕಿನ ಮೇಲೆ ನಂಬಿಕೆ, ಬ್ರೇಕಿನ ಮೇಲೆ ಅಂದರೆ ನನ್ನ ಪರದೆಯ ಮೇಲೆ, ಮೊದಲಾಗಿದ್ದರೆ ಪರದೆ ತಡವರಿಸುತ್ತಿತ್ತು, ನಮ್ಮ ಕಂಪನಿಯ ಯಜಮಾನರು ಮರುಳಸಿದ್ದಪ್ಪನವರು ಹಿಂದೆ ನಿಂತು, ಏನಮ್ಮ ಇದು, ಎಮ್ಮೆ ಕೆರೆಯಿಂದ ಎದ್ದು ಬಂದಂಗೆ ಬತ್ತೈತಲ್ಲ ಅಂದರು, ಸಿಟ್ಟು ನೆತ್ತಿಗೇರಿತು, ಎಮ್ಮೆಯಂತೆ ಎಮ್ಮೆ — ಕಂಪ್ಯೂಟರಿನಲ್ಲಿ ಕರ್ನಲ್ ಅನ್ನುವುದು ಒಳಮನೆ, ನನ್ನ ಪರದೆಯ ಪ್ರೋಗ್ರಾಂ ಹೊರಗಿನದು, ಹೊಸ್ತಿಲು ದಾಟುವಂತಿಲ್ಲ, ಒಳಗಿರುವ ಡ್ರೈವರ್ ಅನ್ನುವ ಪ್ರೋಗ್ರಾಂ ಯಂತ್ರದಿಂದ ಅಂಕಿ ತಂದು, ನಕಲು ಮಾಡಿ, ಹೊಸ್ತಿಲಲ್ಲಿ ನಿಂತು ಕೊಡಬೇಕು, ಪ್ರತಿ ಸಲ ಕೇಳು, ಪ್ರತಿ ಸಲ ನಕಲು, ನಾನು ಹೋದ ವಾರ ಒಂದೇ ಪಟ್ಟಿಗೆ ಕೂತು ಅದೆಲ್ಲವನ್ನೂ ಕಿತ್ತು ಹಾಕಿದೆ, ಮೆಮೊರಿಯ ಒಂದೇ ಪುಟ ಇಬ್ಬರಿಗೂ, ಒಳಗಿನವನು ಬರೆಯುತ್ತಾನೆ, ಹೊರಗಿನವನು ಓದುತ್ತಾನೆ, ಕೇಳುವುದೂ ಇಲ್ಲ ಕೊಡುವುದೂ ಇಲ್ಲ, ಇದನ್ನು ನನಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ, ಹೊಳಲ್ಕೆರೆಯ ನಮ್ಮ ಮನೆಗೂ ಒಬ್ಬಳೇ ಇದ್ದ ಏಕಾಂತಮ್ಮನ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಎರಡೂ ಕಡೆ ತೆರೆದ ಗೂಡು, ಆಯಮ್ಮ ಬೆಳಿಗ್ಗೆ ಮಜ್ಜಿಗೆ ಕಡೆದು, ಒಂದು ಕರಿಬೇವಿನ ಎಲೆ ಹಾಕಿ, ಹಿತ್ತಾಳೆ ಚೊಂಬನ್ನು ಆ ಕಡೆಯಿಂದ ಇಡುವುದು, ನಾವು ಈ ಕಡೆಯಿಂದ ತೆಗೆದುಕೊಳ್ಳುವುದು, ಬೀದಿ ಸುತ್ತಿ ಹೋಗಿ ಬಾಗಿಲು ತಟ್ಟುವ ರಗಳೆಯೇ ಇಲ್ಲ. ಎಷ್ಟು ಸಲೀಸು ಅಂತ ಅವ್ವ ಊರಿಗೆಲ್ಲ ಹೇಳುತ್ತಿದ್ದಳು.

ಆ ಎರಡು ಇನ್ನೂ ಅಲ್ಲೇ ಇದೆ. ಎಣ್ಣೆಯ ಒತ್ತಡ ಯಾವತ್ತಾದರೂ ಹೀಗೆ ನಿಂತದ್ದುಂಟೇ, ಬೆಳಿಗ್ಗೆ ನೋಡಿದ್ದೇನಲ್ಲ, ಎರಡು, ಒಂದು, ಮೂರು, ಮತ್ತೆ ಒಂದು, ಜ್ವರ ಬಂದವರ ನಾಡಿಯ ಹಾಗೆ ತುಯ್ಯುತ್ತಲೇ ಇರುತ್ತದೆ, ಈಗ ಏಕೆ — ನನಗೆ ಎಂಟು ವರ್ಷ, ಅವ್ವನಿಗೆ ನೆಗಡಿ, ಮನೆಯಲ್ಲಿ ಯಾರೂ ಮಜ್ಜಿಗೆ ಮುಟ್ಟುತ್ತಿಲ್ಲ, ಮಲಗಿದ್ದಲ್ಲಿಂದಲೇ ಕೇಳಿದಳು, ಗೂಡಲ್ಲಿ ಚೊಂಬು ಐತೇನೇ, ನಾನು ಇಣುಕಿದೆ, ಐತೆ, ಐತಲ್ಲ ಬಿಡು, ಆಯಮ್ಮ ಚೆನ್ನಾಗೈತೆ, ಮರುದಿನವೂ ಕೇಳಿದಳು, ಐತೇನೇ, ಐತೆ, ಎಲೆ ಚೊಂಬಿನ ಅಂಚಿಗೆ ಅಂಟಿಕೊಂಡಿತ್ತು, ನಿನ್ನೆಯೂ ಅಲ್ಲೇ ಅಂಟಿತ್ತು, ನೋಡಿದ್ದೆ, ಕಣ್ಣಾರೆ ನೋಡಿದ್ದೆ, ಆದರೂ ಐತೆ ಅಂದೆ — ದಾಖಲೆ ತೆಗಿ, ಡ್ರೈವರ್ ಏನು ಬರೆದಿದೆ ನೋಡು, ಇಲ್ಲಿದೆ, ಎರಡು ಗಂಟೆ ನಲವತ್ತೊಂದಕ್ಕೆ ಯಂತ್ರದ ತಂತಿಯ ಸಂಪರ್ಕ ಒಮ್ಮೆ ತಪ್ಪಿ ಡ್ರೈವರ್ ತಾನಾಗಿ ಹೊಸದಾಗಿ ಶುರುವಾಗಿದೆ, ಹೊಸ ಪುಟ ತೆಗೆದುಕೊಂಡಿದೆ, ಹೊಸದರಲ್ಲೇ ಬರೆಯುತ್ತಿದೆ, ನನ್ನ ಪರದೆಗೆ ಯಾರು ಹೇಳಬೇಕು, ಹೇಳುವ ಸಾಲನ್ನೇ ನಾನು ಬರೆದಿಲ್ಲ, ಅದು ಹಳೇ ಪುಟವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಓದುತ್ತಿದೆ, ಕೈಯಲ್ಲಿ ಹಿಡಿದಿರುವ ತನಕ ಕರ್ನಲ್ಲೂ ಅದನ್ನು ಎಸೆಯುವುದಿಲ್ಲ, ಈಗ ಎರಡು ಐವತ್ತೆರಡು, ಹನ್ನೊಂದು ನಿಮಿಷದಿಂದ ನಾನು ಹಳಸಿದ ಅಂಕಿಯನ್ನು ನೋಡಿಕೊಂಡು ಕೂತಿದ್ದೇನೆ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆ, ತೆರೆ, ಬೇಗ, ಮೂವತ್ತೆಂಟು. ಬ್ರೇಕಿನಲ್ಲಿ ಮೂವತ್ತೆಂಟೇ ಇದೆ.

ಅಂಜನ್, ಕೈ ತೆಗಿ, ಲೇ ಅಂಜನ್, ಕೈ ತೆಗಿಯೋ, ಬ್ರೇಕಿಲ್ಲ — ವಾಕಿಟಾಕಿ ಗೊರಗೊರ ಅನ್ನುತ್ತಿದೆ, ಅವನದು ಸೊಂಟದಲ್ಲಿರುತ್ತದೆ, ಎರಡೂ ಕೈ ಒಳಗಿದ್ದರೆ ಹೇಗೆ ಒತ್ತುತ್ತಾನೆ, ಕೇಳಿಸಿತೋ ಇಲ್ಲವೋ, ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಲೇ, ಒತ್ತಿದರೂ ಅದೇ ಎಣ್ಣೆ, ಅದೇ ಸೋರಿದ ಬ್ರೇಕು, ಒತ್ತಿದೆ, ಏನೂ ಆಗಲಿಲ್ಲ, ಬಾಗಿಲಿಗೆ ಓಡಿದೆ, ಆಗಲೇ ಒಳಗೆ ಬರುವಾಗ ಒಂದು ರೆಕ್ಕೆಯ ನೆರಳು ಜೀಪಿನ ಮೇಲೆ ಬಿದ್ದುಕೊಂಡೇ ಇತ್ತು, ಇಷ್ಟಿಷ್ಟೇ ಸರಿಯುತ್ತಿತ್ತು ಬಿಸಿಲಿನ ಜೊತೆ, ಈಗ ಜೀಪು ಪೂರ್ತಿ ಬಿಸಿಲಲ್ಲಿದೆ, ನೆರಳು ಕೆಂಪು ಮಣ್ಣಿನ ಮೇಲೆ ನಡೆಯುತ್ತಿದೆ, ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ, ಚಿಕ್ಕಜಾಜೂರಿನ ರೈಲ್ವೆ ಕೆಲಸದಿಂದ ಏಕಾಂತಮ್ಮನ ಮಗ ಮುದ್ದಣ್ಣ, ನಾನು ಎರಡನೇ ಸಲ ಐತೆ ಅಂದ ಶನಿವಾರವೇ, ಸಂಜೆ ಬಂದ, ಬಾಗಿಲು ಬಡಿದ, ಗೋಡೆ ಹಾರಿದ, ಹಿತ್ತಲಿನಿಂದ ಅವನ ಕೂಗು, ಆಯಮ್ಮ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದಿತ್ತಂತೆ, ಅವತ್ತು ಮಧ್ಯಾಹ್ನದ ತನಕ ಜೀವ ಇತ್ತಂತೆ, ಡಾಕ್ಟರು ಹಾಗಂದರು, ಅವ್ವ ನನ್ನ ಕಡೆ ತಿರುಗಿದಳು — ಅಂಜನ್, ಮಾತಾಡೋ, ದೇವರೇ ಮಾತಾಡಿಸು. ಮೇಲೆ ಎಲ್ಲೋ ಕಬ್ಬಿಣ ಕಬ್ಬಿಣವನ್ನು ಅಗಿದ ಸದ್ದು, ಆಮೇಲೆ ಗಾಳಿ ಮಾತ್ರ.

ಆಶಕ್ಕ, ವಾಕಿಟಾಕಿ ಅನ್ನುತ್ತಿದೆ, ಅವನ ದನಿ, ತೆಳ್ಳಗೆ, ಕೈಲಿದ್ದ ಪಾನಾನ ಅಚ್ಚು ನುಂಗ್ಕಂಬಿಡ್ತು ಕಣ್ರಿ, ಕೈ ಐತೆ. ಐತೆ ಅಂದ. ಐತೆ ಅಂದರೆ ಯಾವಾಗಿನ ಐತೆ, ನಾನೂ ಹಾಗೇ ಅಂದಿದ್ದೆ, ನಾನು ನಂಬುವುದಿಲ್ಲ, ಲ್ಯಾಪ್‌ಟಾಪ್ ಎಲ್ಲಿ ಬಿತ್ತೋ ಬೀಳಲಿ, ಏಣಿ ಹತ್ತುತ್ತಿದ್ದೇನೆ, ಬೆಲ್ಟೂ ಕಟ್ಟಿಲ್ಲ, ಯಾರಾದರೂ ನೋಡಿದರೆ ಕೆಲಸ ಹೋಗುತ್ತದೆ, ಹೋಗಲಿ, ಈ ಸಲ ಬೀದಿ ಸುತ್ತಿಯೇ ಹೋಗುತ್ತೇನೆ, ಬಾಗಿಲು ತಟ್ಟಿಯೇ ನೋಡುತ್ತೇನೆ, ಮೆಟ್ಟಿಲಿನ ಮೇಲೆ ಹನಿ, ಜಿಡ್ಡು, ಮೂಸಿದೆ, ಎಣ್ಣೆ, ಎಣ್ಣೆಯೇ, ನಡುವಿನ ಅಟ್ಟದ ಹತ್ತಿರ ಅವನ ಬೂಟು ಇಳಿದು ನಿಂತಿತು, ಸುಸ್ತಾಗಿ ಕೂತ, ಕೈ ತೋರ್ಸು ಅಂದೆ, ಕಿಂಡಿಯಿಂದ ಕೈ ಕೆಳಗೆ ಬಂತು, ಕಪ್ಪು ಎಣ್ಣೆ ಮೆತ್ತಿದ ಕೈ, ಬೆಳಿಗ್ಗೆ ಕಡ್ಲೆಕಾಯಿ ಸುಲಿದ ಕೈ, ಅಲ್ಲಾಡ್ಸು, ಯಾಕ್ರಿ ಆಶಕ್ಕ, ಅಲ್ಲಾಡ್ಸೋ ಅಂದ್ನಲ್ಲ, ಒಂದು, ಎರಡು, ಐದೂ ಅಲ್ಲಾಡಿದವು. ಅಳ್ತಾ ಇದೀರೇನ್ರಿ ಅಂದ. ಇಲ್ಲ ಅಂದೆ, ಮೇಲೂ ಹೋಗಲಾರೆ, ಕೆಳಗೂ ಇಳಿಯಲಾರೆ, ಏಣಿ ತಬ್ಬಿ ನಿಂತಿದ್ದೇನೆ, ಬೀದಿ ಸುತ್ತಿದರೆ ನಲವತ್ತು ಹೆಜ್ಜೆಯೂ ಇರಲಿಲ್ಲ ಏಕಾಂತಮ್ಮನ ಬಾಗಿಲಿಗೆ, ಶನಿವಾರ ಬೆಳಿಗ್ಗೆ, ಆಯಮ್ಮ ಇನ್ನೂ ಉಸಿರಾಡುತ್ತಿದ್ದಾಗ, ನಾನು ಗೂಡಿಗೆ ಇಣುಕಿದ್ದೆ, ಚೊಂಬು, ಮಜ್ಜಿಗೆ, ಎಲೆ, ಅಂಚಿಗೆ ಅಂಟಿದ ಎಲೆ, ನಿನ್ನೆಯ ಜಾಗದಲ್ಲೇ.